ವ್ಯಾಂಡಲರು: ಕುದುರೆ ಸವಾರರು ಕಟ್ಟಿದ ಕಡಲ ರಾಜ್ಯ

ಕ್ರಿ.ಶ. 406ರ ಡಿಸೆಂಬರ್ 31ರಂದು ವ್ಯಾಂಡಲರೆಂಬ ಜರ್ಮನ್ ಬುಡಕಟ್ಟಿನವರು ರೈನ್ ನದಿ ದಾಟಿ ರೋಮನ್ ಸಾಮ್ರಾಜ್ಯದೊಳಗೆ ಬಂದರು. ಜೊತೆಗೆ ಅಲನರು, ಸುವೇವಿಗಳು ಎಂಬ ಬೇರೆ ಜನಾಂಗಗಳೂ ಇದ್ದವು. ಕುದುರೆ, ಗಾಡಿ, ಹೆಂಡಿರು, ಮಕ್ಕಳು, ಹೀಗೆ ಇಡೀ ಸಂಸಾರ ಕಟ್ಟಿಕೊಂಡು ಹೊರಟಿದ್ದ ಒಳನಾಡಿನ ಜನ. 455ರ ಜೂನ್ ತಿಂಗಳಲ್ಲಿ ಇವರದೇ ಮಕ್ಕಳು ಮೊಮ್ಮಕ್ಕಳು ಹಡಗಿನಲ್ಲಿ ಬಂದಿಳಿದು ರೋಮ್ ನಗರವನ್ನು ಎರಡು ವಾರ ದೋಚಿದರು. ಐವತ್ತು ವರ್ಷದೊಳಗೆ ಕುದುರೆ ಸವಾರರು ನಾವಿಕರಾದದ್ದು ಹೇಗೆ ಎಂದು ಕೇಳಿದರೆ ಉತ್ತರ ಸ್ವಲ್ಪ ವಿಚಿತ್ರ. ಅವರು ನಾವಿಕರಾಗಲೇ ಇಲ್ಲ. ಕೊನೆಯ ಯುದ್ಧದವರೆಗೂ ಅವರು ಕಾದಿದ್ದು ಕುದುರೆಯ ಮೇಲೆ, ಈಟಿ ಖಡ್ಗ ಹಿಡಿದು. ಆದರೆ ಪಶ್ಚಿಮ ಮೆಡಿಟರೇನಿಯನ್‌ನ ದೊಡ್ಡ ಬಂದರು, ಈಗಿನ ಟ್ಯುನೀಶಿಯಾದ ಕಾರ್ಥೇಜ್, ಅಲ್ಲಿನ ಹಡಗು, ಖಲಾಸಿ, ಬಡಗಿ ಎಲ್ಲರ ಸಮೇತ ಒಂದೇ ದಿನದಲ್ಲಿ ಅವರ ಕೈಗೆ ಬಿತ್ತು. ಆಮೇಲಿನ ಸುಮಾರು ನೂರು ವರ್ಷ ಈ ರಾಜ್ಯ ನಿಂತದ್ದೂ, ಕೊನೆಗೆ ಬಿದ್ದದ್ದೂ ಆ ಬಂದರು ಮತ್ತು ಆ ಹಡಗುಗಳ ಲೆಕ್ಕಾಚಾರದ ಮೇಲೆಯೇ.

ಮೊದಲ ಮೂವತ್ತು ವರ್ಷಗಳನ್ನು ಬೇಗ ದಾಟಿಬಿಡೋಣ. ಗಾಲ್‌ನಲ್ಲಿ (ಈಗಿನ ಫ್ರಾನ್ಸ್) ಮೂರು ವರ್ಷ ಅಲೆದು 409ರಲ್ಲಿ ಪಿರನೀಸ್ ಬೆಟ್ಟ ದಾಟಿ ಸ್ಪೇನಿಗೆ ಬಂದ ಈ ಗುಂಪುಗಳು 411ರಲ್ಲಿ ಚೀಟಿ ಎತ್ತಿ ಪ್ರಾಂತ್ಯಗಳನ್ನು ಹಂಚಿಕೊಂಡವು. ವ್ಯಾಂಡಲರಲ್ಲೇ ಎರಡು ಪಂಗಡ. ಹ್ಯಾಸ್ಡಿಂಗರಿಗೆ ಸುವೇವಿಗಳ ಜೊತೆ ವಾಯವ್ಯದ ಗಲೇಸಿಯಾ, ಸಿಲಿಂಗರಿಗೆ ದಕ್ಷಿಣದ ಬೇಟಿಕಾ. ರೋಮ್ ಸರ್ಕಾರ ತಾನು ಕಾದಾಡದೆ ವಿಸಿಗಾಥರೆಂಬ ಇನ್ನೊಂದು ಜರ್ಮನ್ ಬುಡಕಟ್ಟನ್ನು ಛೂ ಬಿಟ್ಟಿತು. 418ರ ಹೊತ್ತಿಗೆ ಸಿಲಿಂಗರು ಪೂರ್ತಿ ನೆಲಕಚ್ಚಿದರು, ಅಲನರ ರಾಜ ಅಡ್ಡಾಕ್ಸ್ ಹತನಾದ. ಉಳಿದವರು ಹ್ಯಾಸ್ಡಿಂಗರ ರಾಜ ಗುಂಡೆರಿಕ್‌ನ ಆಸರೆಗೆ ಬಂದರು. ಮುಂದೆ ಆಫ್ರಿಕಾದ ರಾಜರು 'ವ್ಯಾಂಡಲರ ಮತ್ತು ಅಲನರ ರಾಜ' ಎಂದು ಬರೆಸಿಕೊಂಡದ್ದು ಈ ಕಾರಣಕ್ಕೆ. 422ರಲ್ಲಿ ರೋಮನ್ ಸೇನಾಪತಿ ಕ್ಯಾಸ್ಟಿನಸ್‌ನನ್ನು ಸೋಲಿಸಿದ ಮೇಲೆ ದಕ್ಷಿಣ ಸ್ಪೇನಿನಲ್ಲಿ ಇವರನ್ನು ತಡೆಯುವವರಿಲ್ಲ. ಕಾರ್ಟಜೀನಾ, ಸೆವಿಲ್ ಊರುಗಳು ಕೈವಶವಾದವು. 425ರ ಸುಮಾರಿಗೆ ಬಾಲಿಯರಿಕ್ ದ್ವೀಪಗಳ ಮೇಲೂ ದಾಳಿ ನಡೆಯಿತು. ವ್ಯಾಂಡಲರ ಮೊದಲ ಕಡಲ ಪಯಣ ಅದೇ, ಅದೂ ಹಿಡಿದ ಊರುಗಳ ದೋಣಿಗಳಲ್ಲಿ.

428ರಲ್ಲಿ ಗುಂಡೆರಿಕ್ ಸತ್ತು ಅವನ ಮಲತಮ್ಮ ಗೈಸರಿಕ್ ಪಟ್ಟಕ್ಕೆ ಬಂದ. ತಾಯಿ ದಾಸಿ. ಕುದುರೆಯಿಂದ ಬಿದ್ದು ಕಾಲು ಕುಂಟು. ಮಾತು ಕಮ್ಮಿ. ಐವತ್ತು ವರ್ಷ ಆಳಿದ ಈ ಮನುಷ್ಯನಷ್ಟು ಲೆಕ್ಕ ಬಲ್ಲ ರಾಜ ಆ ಶತಮಾನದಲ್ಲಿ ಇನ್ನೊಬ್ಬನಿರಲಿಲ್ಲ ಎಂದರೆ ಅತಿಯಾಗದು.

429ರಲ್ಲಿ ಅವನು ಇಡೀ ಜನಾಂಗವನ್ನು ಜಿಬ್ರಾಲ್ಟರ್ ಜಲಸಂಧಿಯ ಆಚೆ ಸಾಗಿಸಿದ. ಹೊರಡುವ ಮುಂಚೆ ತಲೆ ಎಣಿಸಿದರು. ಮುದುಕರು, ಮಕ್ಕಳು, ಆಳುಗಳು ಎಲ್ಲ ಸೇರಿ 80,000. ಕಾಲಾಳು, ಸವಾರ ಅಂತ ಕಾದಬಲ್ಲವರು ಹದಿನೈದೋ ಇಪ್ಪತ್ತೋ ಸಾವಿರ ಇದ್ದಿರಬೇಕು. ಜಲಸಂಧಿಯ ತೀರ ಕಿರಿದಾದ ಜಾಗ ಸುಮಾರು 14 ಕಿಲೋಮೀಟರ್. ದೋಣಿಗೆ 70 ಜನ ಎಂದು ಹಿಡಿದರೂ 1,100ಕ್ಕೂ ಹೆಚ್ಚು ಸಲ ದಾಟಬೇಕು. ಕುದುರೆ, ದವಸ, ಸಾಮಾನು ಬೇರೆ. ಅಂದರೆ ಒಂದು ರಾತ್ರಿಯ ಕೆಲಸವಲ್ಲ, ವಾರಗಟ್ಟಲೆ ನಡೆದ ಸಾಗಾಟ. ಅಷ್ಟೂ ದಿನ ಎದುರು ದಡದಲ್ಲಿ ತಡೆಯಲು ಒಂದು ರೋಮನ್ ಹಡಗೂ ಬರಲಿಲ್ಲ. ಪೂರ್ವ, ಪಶ್ಚಿಮ ಎಂದು ಎರಡಾಗಿದ್ದ ರೋಮನ್ ಸಾಮ್ರಾಜ್ಯದಲ್ಲಿ ಪಶ್ಚಿಮದವರ ನೌಕಾಬಲ ಎಷ್ಟು ಟೊಳ್ಳಾಗಿತ್ತು ಎಂಬುದು ಗೈಸರಿಕ್‌ಗೆ ಅಲ್ಲೇ ಗೊತ್ತಾಗಿರಬೇಕು.

ಆಫ್ರಿಕಾದ ರೋಮನ್ ಅಧಿಕಾರಿ ಬೋನಿಫೇಸ್ ತಾನೇ ಇವರನ್ನು ಕರೆಸಿಕೊಂಡ ಎಂಬ ಕಥೆಯೊಂದಿದೆ. ನೂರು ವರ್ಷ ಕಳೆದ ಮೇಲೆ ಬರೆದ ಕಥೆ ಅದು, ನಂಬುವುದು ಕಷ್ಟ. ಆಗ ಬೋನಿಫೇಸ್‌ಗೂ ರಾವೆನ್ನಾದಲ್ಲಿದ್ದ ಪಶ್ಚಿಮದ ಚಕ್ರವರ್ತಿಯ ಆಸ್ಥಾನಕ್ಕೂ ಜಗಳವಿತ್ತು, ಸೈನ್ಯ ಒಡೆದಿತ್ತು. ಗೈಸರಿಕ್‌ಗೆ ಅಷ್ಟು ಸಾಕು. ದಡವನ್ನೇ ಹಿಡಿದು ಪೂರ್ವಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು 430ರಲ್ಲಿ ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದರು. ಈಗಿನ ಅಲ್ಜೀರಿಯಾದ ಅನ್ನಾಬಾ ಅದು. ಅಲ್ಲಿನ ಬಿಷಪ್ ಅಗಸ್ಟೀನ್ ಮುತ್ತಿಗೆಯ ಮೂರನೆಯ ತಿಂಗಳಲ್ಲಿ, ಆಗಸ್ಟ್ 28ರಂದು ತೀರಿಕೊಂಡ. ಮುತ್ತಿಗೆ ಮಾತ್ರ 14 ತಿಂಗಳು ಎಳೆಯಿತು. ಗೋಡೆ ಒಡೆಯುವ ಯಂತ್ರ ವ್ಯಾಂಡಲರಿಗೆ ಗೊತ್ತಿಲ್ಲ. ಒಳಗಿನವರಿಗೆ ಸಮುದ್ರದ ಕಡೆ ಬಾಗಿಲಿತ್ತು. ಕೊನೆಗೆ ಮುತ್ತಿಗೆ ಹಾಕಿದವರೇ ಹಸಿವಿನಿಂದ ಎದ್ದು ಹೋಗಬೇಕಾಯಿತು. ಗೋಡೆಯ ಬಗ್ಗೆ ಗೈಸರಿಕ್‌ನ ಮನಸ್ಸಿನಲ್ಲಿ ಉಳಿದ ಈ ಕಹಿಗೆ ಮುಂದೆ ಅವನ ಮರಿಮಗ ಬೆಲೆ ತೆತ್ತ.

435ರಲ್ಲಿ ರೋಮ್ ಜೊತೆ ಒಪ್ಪಂದವಾಗಿ ನುಮಿಡಿಯಾದ (ಈಗಿನ ಅಲ್ಜೀರಿಯಾದ ಪೂರ್ವ ಭಾಗ) ಒಂದು ಭಾಗದಲ್ಲಿ ನೆಲೆಸಲು ಅನುಮತಿ ಸಿಕ್ಕಿತು. ನಾಲ್ಕು ವರ್ಷ ಸುಮ್ಮನಿದ್ದ ಗೈಸರಿಕ್ 439ರ ಅಕ್ಟೋಬರ್ 19ರಂದು, ಒಪ್ಪಂದ ಜಾರಿಯಲ್ಲಿರುವಾಗಲೇ ಕಾರ್ಥೇಜಿನೊಳಗೆ ನುಗ್ಗಿದ. ಕಾದಾಟವೇ ಆಗಲಿಲ್ಲ ಎನ್ನಬೇಕು.

ಕಾರ್ಥೇಜ್ ಹೋದದ್ದರಿಂದ ರೋಮ್ ಕಳೆದುಕೊಂಡದ್ದೇನು ಎಂದು ತಿಳಿಯಲು ಊಟದಿಂದ ಶುರುಮಾಡಬೇಕು. ಕಾನ್‌ಸ್ಟಾಂಟಿನೋಪಲ್ ಎಂಬ ಪೂರ್ವದ ರಾಜಧಾನಿ ಕಟ್ಟಿದ ಮೇಲೆ ಈಜಿಪ್ಟಿನ ಗೋಧಿ ಅತ್ತ ಹೋಗತೊಡಗಿತು. ರೋಮ್ ನಗರಕ್ಕೆ ಉಳಿದದ್ದು ಆಫ್ರಿಕಾದ ಗೋಧಿ ಮತ್ತು ಆಲಿವ್ ಎಣ್ಣೆ, ಅದೂ ತೆರಿಗೆಯ ರೂಪದಲ್ಲಿ, ಬಿಟ್ಟಿಯಾಗಿ. ಇದನ್ನು ಸಾಗಿಸಲು ಹಡಗು ಮಾಲೀಕರ ಸಂಘಗಳಿದ್ದವು. ಸರ್ಕಾರಿ ಸರಕು ಹೊರುವುದು ಅವರಿಗೆ ಕಡ್ಡಾಯ, ಬದಲಿಗೆ ತೆರಿಗೆ ರಿಯಾಯಿತಿ. ಅದೇ ಹಡಗಿನಲ್ಲಿ ಸ್ವಂತ ಸರಕೂ ಹೋಗುತ್ತಿತ್ತು. ಆಫ್ರಿಕಾದ ಕೆಂಪು ಮಣ್ಣಿನ ತಟ್ಟೆಗಳು ಮೆಡಿಟರೇನಿಯನ್‌ನ ಉದ್ದಗಲಕ್ಕೂ ಇಂದಿಗೂ ಅಗೆದಲ್ಲೆಲ್ಲ ಸಿಗುವುದು ಹೀಗೆ. 439ರಲ್ಲಿ ಈ ಇಡೀ ವ್ಯವಸ್ಥೆ ಯಜಮಾನನನ್ನು ಬದಲಿಸಿತು. ಗೋಧಿಯ ತೆರಿಗೆ ನಿಂತಿತು. ಬೇಕಾದರೆ ರೋಮ್ ಈಗ ದುಡ್ಡು ಕೊಟ್ಟು ಕೊಳ್ಳಬೇಕು. ಆ ದುಡ್ಡಿಲ್ಲದೆ ಸೈನ್ಯವಿಲ್ಲ, ಸೈನ್ಯವಿಲ್ಲದೆ ಆಫ್ರಿಕಾ ಮರಳಿ ಬರುವುದಿಲ್ಲ. ಪಶ್ಚಿಮದ ಸಾಮ್ರಾಜ್ಯ ಆ ಕುಣಿಕೆಯಿಂದ ಹೊರಬರಲೇ ಇಲ್ಲ.

ಮಾರನೇ ವರ್ಷವೇ ಗೈಸರಿಕ್‌ನ ಹಡಗುಗಳು ಸಿಸಿಲಿಗೆ ಹೊರಟವು. 440ರ ಜೂನ್‌ನಲ್ಲಿ ಚಕ್ರವರ್ತಿ ಮೂರನೆಯ ವ್ಯಾಲೆಂಟಿನಿಯನ್ ಹೊರಡಿಸಿದ ಆಜ್ಞೆ ಉಳಿದಿದೆ. ಶತ್ರು ಕಾರ್ಥೇಜಿನಿಂದ ದೊಡ್ಡ ನೌಕಾಪಡೆಯೊಂದಿಗೆ ಹೊರಟಿದ್ದಾನೆ, ಅವನ ಹಡಗು ಯಾವ ದಡಕ್ಕೆ ತಾಗುತ್ತದೆಂದು ಹೇಳಲಾಗದು, ಆದ್ದರಿಂದ ಪ್ರಜೆಗಳು ಆಯುಧ ಹಿಡಿದು ತಮ್ಮ ಆಸ್ತಿ ತಾವೇ ಕಾಪಾಡಿಕೊಳ್ಳಬಹುದು, ಎಂಬುದು ಅದರ ಸಾರ. ವ್ಯಾಂಡಲರ ಯುದ್ಧತಂತ್ರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲಾಗದು.

ಆ ತಂತ್ರ ನಡೆಯುತ್ತಿದ್ದದ್ದು ಹೀಗೆ. ಚಳಿಗಾಲದಲ್ಲಿ ಹಡಗುಗಳು ಬಂದರಿನಲ್ಲೇ ಇರುತ್ತವೆ. ನವೆಂಬರಿನಿಂದ ಮಾರ್ಚಿಯವರೆಗೆ ಆ ಕಡಲಲ್ಲಿ ಯಾರೂ ದೂರ ಹೋಗುತ್ತಿರಲಿಲ್ಲ. ವಸಂತದಲ್ಲಿ ಪಡೆ ಹೊರಡುತ್ತದೆ. ಬಾನ್ ಭೂಶಿರದಿಂದ ಸಿಸಿಲಿ ಕೇವಲ 150 ಕಿಲೋಮೀಟರಿನಷ್ಟು. ಇಳಿಯುವ ಜಾಗಕ್ಕೆ ಗೋಡೆಯಿರಬಾರದು, ಹತ್ತಿರ ಸೈನ್ಯವಿರಬಾರದು. ಹಡಗು ನಡೆಸುವವರು ಆಫ್ರಿಕಾದ ರೋಮನ್ನರು. ಇಳಿದು ದೋಚುವವರಲ್ಲಿ ಬಹಳ ಜನ ಮೂರರು, ಅಂದರೆ ಅಲ್ಲಿನ ಬರ್ಬರ್ ಜನ. ಆ ಕಾಲದ ರೋಮನ್ ಕವಿಯೊಬ್ಬ, ವ್ಯಾಂಡಲ ಹಡಗಿನ ಹಲಗೆಯ ಮೇಲೆ ಕೂತೇ ಇರುತ್ತಾನೆ, ಲೂಟಿ ಹೊತ್ತು ತರುವವರು ಬೇರೆಯವರು ಎಂದು ಕುಟುಕಿದ್ದಾನೆ. ಸೆರೆ ಹಿಡಿದ ಬೇಸಾಯಗಾರರನ್ನು ದಾಸರಾಗಿ ಮಾರಬಹುದು, ಸಿರಿವಂತರನ್ನು ಬಿಡಲು ಒತ್ತೆಹಣ ಕೇಳಬಹುದು. ರೋಮನ್ ಸೈನ್ಯ ಬರುವಷ್ಟರಲ್ಲಿ ಹಡಗು ಮತ್ತೆ ನೀರಿನಲ್ಲಿ. ಒಮ್ಮೆ ಯಾವ ಕಡೆ ಹೋಗಲಿ ಎಂದು ಚುಕ್ಕಾಣಿಗ ಕೇಳಿದ್ದಕ್ಕೆ, ದೇವರು ಯಾರ ಮೇಲೆ ಮುನಿದಿದ್ದಾನೋ ಅವರ ಕಡೆ ಎಂದನಂತೆ ಗೈಸರಿಕ್. ಮರ ಬೇಕಾದಾಗ ಕಾರ್ಸಿಕಾ ದ್ವೀಪದ ಕಾಡಿತ್ತು. ಅವನ ಮಗ ಹುನೆರಿಕ್ ತನ್ನ ಮತ ಒಪ್ಪದ 46 ಬಿಷಪ್‌ಗಳನ್ನು ಅಲ್ಲಿಗೆ ಗಡಿಪಾರು ಮಾಡಿ, ಅರಸನ ಹಡಗುಗಳಿಗೆ ಮರ ಕಡಿಯಲು ಹಚ್ಚಿದ.

442ರಲ್ಲಿ ರೋಮ್ ಸೋತು ಹೊಸ ಒಪ್ಪಂದ ಮಾಡಿಕೊಂಡಿತು. ಆಫ್ರಿಕಾದ ಅತಿ ಫಲವತ್ತಾದ ಪ್ರಾಂತ್ಯಗಳು ವ್ಯಾಂಡಲರಿಗೆ. ಹುನೆರಿಕ್‌ಗೆ ಚಕ್ರವರ್ತಿಯ ಮಗಳು ಯುಡೋಸಿಯಾಳನ್ನು ಕೊಡುವ ಮಾತಾಯಿತು. ಹುನೆರಿಕ್‌ಗೆ ಆಗಲೇ ಮದುವೆಯಾಗಿತ್ತು, ವಿಸಿಗಾಥರ ರಾಜನ ಮಗಳ ಜೊತೆ. ವಿಷವಿಕ್ಕಲು ನೋಡಿದಳು ಎಂದು ಆಪಾದಿಸಿ ಆ ಹುಡುಗಿಯ ಮೂಗು ಕಿವಿ ಕತ್ತರಿಸಿ ತವರಿಗೆ ಅಟ್ಟಿದರು. ಈ ರಾಜ್ಯದ ಚಾಣಾಕ್ಷತೆಯನ್ನು ಮೆಚ್ಚಿ ಬರೆಯುವವರು ಇಂಥದ್ದನ್ನು ಮರೆಯಬಾರದು.

455ರ ದಾಳಿಗೂ ಈ ನಿಶ್ಚಿತಾರ್ಥವೇ ನೆಪ. ಮಾರ್ಚಿಯಲ್ಲಿ ವ್ಯಾಲೆಂಟಿನಿಯನ್ ಕೊಲೆಯಾಗಿ ಪೆಟ್ರೋನಿಯಸ್ ಮ್ಯಾಕ್ಸಿಮಸ್ ಸಿಂಹಾಸನ ಹತ್ತಿದ. ಸತ್ತವನ ಹೆಂಡತಿಯನ್ನು ತಾನು ಮದುವೆಯಾದ, ಯುಡೋಸಿಯಾಳನ್ನು ತನ್ನ ಮಗನಿಗೆ ತಂದುಕೊಂಡ. ನನ್ನ ಸೊಸೆಯನ್ನು ಕಿತ್ತುಕೊಂಡರು ಎಂದು ಗೈಸರಿಕ್ ಹಡಗು ಹತ್ತಿದ. ಓಡಿಹೋಗಲು ನೋಡಿದ ಮ್ಯಾಕ್ಸಿಮಸ್‌ನನ್ನು ಮೇ 31ರಂದು ಜನರೇ ಕೊಂದರು. ಪೋಪ್ ಲಿಯೋ ಎದುರು ಬಂದು, ಕೊಲೆ ಮತ್ತು ಬೆಂಕಿ ಬೇಡ ಎಂದು ಬೇಡಿಕೊಂಡ. ಹದಿನಾಲ್ಕು ದಿನ ಲೂಟಿ ಸಾವಧಾನವಾಗಿ ನಡೆಯಿತು. ಅರಮನೆಯ ಪಾತ್ರೆಪಗಡೆ, ಜುಪಿಟರ್ ಗುಡಿಯ ಚಿನ್ನದ ನೀರು ಕೊಟ್ಟ ಕಂಚಿನ ಹೆಂಚುಗಳಲ್ಲಿ ಅರ್ಧ, ಕ್ರಿ.ಶ. 70ರಲ್ಲಿ ಟೈಟಸ್ ಜೆರುಸಲೇಮಿನಿಂದ ತಂದಿದ್ದ ದೇವಾಲಯದ ಸಂಪತ್ತು ಎಲ್ಲ ಹಡಗು ಸೇರಿದವು. ವಿಗ್ರಹ ತುಂಬಿದ ಒಂದು ಹಡಗು ಮಾತ್ರ ದಾರಿಯಲ್ಲಿ ಮುಳುಗಿತು. ಮಹಾರಾಣಿ, ಅವಳ ಇಬ್ಬರು ಹೆಣ್ಣುಮಕ್ಕಳು ಮತ್ತು ಸಾವಿರಾರು ಸೆರೆಯಾಳುಗಳು ಕಾರ್ಥೇಜಿಗೆ ಹೋದರು. ಅಲ್ಲಿ ಗಂಡ ಒಬ್ಬನ ಪಾಲಿಗೆ, ಹೆಂಡತಿ ಇನ್ನೊಬ್ಬನ ಪಾಲಿಗೆ ಹಂಚಿಹೋಗುವುದನ್ನು ನೋಡಲಾರದೆ ಬಿಷಪ್ ದಿಯೋಗ್ರಾಟಿಯಾಸ್ ಇಗರ್ಜಿಯ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಮಾರಿ ಜನರನ್ನು ಬಿಡಿಸಿದ. ಎರಡು ದೊಡ್ಡ ಇಗರ್ಜಿಗಳಲ್ಲಿ ಹಾಸಿಗೆ ಹಾಸಿ ಕಾಯಿಲೆಯವರನ್ನು ನೋಡಿಕೊಂಡ.

ರೋಮ್ ಎರಡು ಸಲ ತಿರುಗಿ ಬೀಳಲು ನೋಡಿತು. 460ರಲ್ಲಿ ಚಕ್ರವರ್ತಿ ಮಜೋರಿಯನ್ ಸ್ಪೇನಿನ ದಡದಲ್ಲಿ 300 ಹಡಗು ಕೂಡಿಸಿದ್ದ. ಒಳಗಿನವರ ದ್ರೋಹದಿಂದ ಅವು ಹೊರಡುವ ಮೊದಲೇ ವ್ಯಾಂಡಲರ ಪಾಲಾದವು. 468ರದು ಬೇರೆಯೇ ಗಾತ್ರದ್ದು. ಪೂರ್ವದ ಚಕ್ರವರ್ತಿ ಮೊದಲನೆಯ ಲಿಯೋ ಕಳಿಸಿದ ಹಡಗುಗಳು 1,113, ಖರ್ಚು 1,30,000 ಪೌಂಡ್ ಚಿನ್ನ ಎನ್ನುತ್ತಾರೆ ಹಳೆಯ ಲೇಖಕರು. ರೋಮನ್ ಪೌಂಡು ಸುಮಾರು 327 ಗ್ರಾಂ, ಅಂದರೆ 42 ಟನ್ ಚಿನ್ನ. ಬೇರೊಬ್ಬರ ಲೆಕ್ಕದಲ್ಲಿ 64,000 ಪೌಂಡ್ ಚಿನ್ನ, 7,00,000 ಪೌಂಡ್ ಬೆಳ್ಳಿ. ಬೆಳ್ಳಿಯನ್ನು ಚಿನ್ನಕ್ಕೆ ಇಳಿಸಿದರೆ ಅದೂ ಲಕ್ಷ ಪೌಂಡಿನ ಮೇಲೇ ಬರುತ್ತದೆ. ಹಾಗಾಗಿ ಈ ಅಂಕಿಯನ್ನು ಬರೀ ಉತ್ಪ್ರೇಕ್ಷೆ ಎಂದು ತಳ್ಳಿಹಾಕಲಾಗದು.

ಇಷ್ಟು ದೊಡ್ಡ ಪಡೆ ಮುಳುಗಿದ್ದು ಐದು ದಿನದ ಗಡುವಿನಲ್ಲಿ. ಸೇನಾಪತಿ ಬ್ಯಾಸಿಲಿಸ್ಕಸ್ ನೇರ ಕಾರ್ಥೇಜಿಗೆ ಹೋಗದೆ ಸುಮಾರು 50 ಕಿಲೋಮೀಟರ್ ಆಚೆ ಬಾನ್ ಭೂಶಿರದ ಹತ್ತಿರ ಲಂಗರು ಹಾಕಿದ. ಶರಣಾಗಲು ಐದು ದಿನ ಕೊಡಿ ಎಂದು ಗೈಸರಿಕ್ ಕೇಳಿಕೊಂಡ. ಅವನು ಕಾಯುತ್ತಿದ್ದದ್ದು ಗಾಳಿಗೆ. ರೋಮನ್ ಹಡಗುಗಳು ಒತ್ತೊತ್ತಾಗಿ ನಿಂತಿದ್ದವು, ಬೆನ್ನಿಗೆ ದಡ. ಗಾಳಿ ಸಮುದ್ರದಿಂದ ದಡದತ್ತ ತಿರುಗಿದರೆ ಹಾಯಿಹಡಗು ಅಂಥ ಜಾಗದಿಂದ ಹೊರಬರಲಾರದು. ಗಾಳಿ ತಿರುಗಿದ ಕೂಡಲೇ ವ್ಯಾಂಡಲರು ಜನರಿಲ್ಲದ ಖಾಲಿ ದೋಣಿಗಳನ್ನು ಎಳೆದುಕೊಂಡು ಬಂದರು, ಹತ್ತಿರ ಬಂದು ಬೆಂಕಿ ಹಚ್ಚಿ ಹಾಯಿ ಬಿಚ್ಚಿ ಬಿಟ್ಟರು. ಗಳು ಹಿಡಿದು ಉರಿಯುವ ದೋಣಿಯನ್ನೂ, ಪಕ್ಕದ ಸ್ವಂತ ಹಡಗನ್ನೂ ತಳ್ಳುವ ಗಲಾಟೆಯಲ್ಲಿ ಬೆಂಕಿ ಒಂದರಿಂದ ಒಂದಕ್ಕೆ ಹಾರಿತು. ತಪ್ಪಿಸಿಕೊಂಡವನ್ನು ವ್ಯಾಂಡಲರು ಗುದ್ದಿ ಮುಳುಗಿಸಿದರು. ಉಪಸೇನಾಪತಿ ಜಾನ್‌ನನ್ನು ಶರಣಾಗು ಎಂದು ಗೈಸರಿಕ್‌ನ ಮಗ ಗೆನ್ಜೋನ್ ಕೂಗಿ ಕರೆದ. ಅವನು ಕವಚ ಸಮೇತ ಸಮುದ್ರಕ್ಕೆ ಹಾರಿದ.

ಗೈಸರಿಕ್ 477ರ ಜನವರಿ 25ರಂದು ಸತ್ತ. ಅಷ್ಟರಲ್ಲಿ ಪಶ್ಚಿಮದಲ್ಲಿ ಚಕ್ರವರ್ತಿಯೇ ಉಳಿದಿರಲಿಲ್ಲ.

ಕಡಲ ಕಥೆಯ ನಡುವೆ ಈ ರಾಜ್ಯದ ಒಳಗಿನ ಬದುಕು ಮರೆತುಹೋಗುತ್ತದೆ. ಕಾರ್ಥೇಜಿನ ಸುತ್ತಲಿನ ಒಳ್ಳೆಯ ಭೂಮಿಯನ್ನು ಕಿತ್ತು ವ್ಯಾಂಡಲರಿಗೆ ಹಂಚಿದರು, ಆ ಹಿಡುವಳಿಗೆ ತೆರಿಗೆಯಿಲ್ಲ. ಉಳಿದೆಡೆ ರೋಮನ್ ಕಾನೂನು, ಲ್ಯಾಟಿನ್ ದಸ್ತಾವೇಜು ಎಂದಿನಂತೆ. 1928ರಲ್ಲಿ ಅಲ್ಜೀರಿಯಾ–ಟ್ಯುನೀಶಿಯಾ ಗಡಿಯ ಬಳಿ 45 ಮರದ ಹಲಗೆಗಳು ಸಿಕ್ಕವು. ಮೇಲೆ ಶಾಯಿಯಲ್ಲಿ ಬರೆದ ಕರಾರು ಪತ್ರಗಳು, 493ರಿಂದ 496ರ ನಡುವಿನವು. ಬಹುಪಾಲು ಸಣ್ಣ ಸಣ್ಣ ತುಂಡು ಜಮೀನಿನ ಕ್ರಯಪತ್ರ, ಅದರಲ್ಲಿರುವ ಆಲಿವ್ ಮರಗಳನ್ನು ಎಣಿಸಿ ಬರೆದದ್ದು. ಒಂದು ಎಣ್ಣೆ ಗಾಣದ ಮಾರಾಟ, ಒಂದು ಮದುವೆಯ ವರದಕ್ಷಿಣೆ ಪಟ್ಟಿ, ಒಂದು ಆರು ವರ್ಷದ ದಾಸ ಹುಡುಗನ ಕ್ರಯಪತ್ರ. ತಾರೀಖನ್ನು ರಾಜ ಗುಂತಮುಂಡ್‌ನ ಆಳ್ವಿಕೆಯ ಲೆಕ್ಕದಲ್ಲಿ ಹಾಕಿದ್ದಾರೆ, ಜಮೀನಿನ ನಿಯಮ ಮಾತ್ರ ರೋಮನ್ನರ ಕಾಲದ ಹಳೆಯ ಮಾನ್ಸಿಯನ್ ಕಾನೂನಿನದು. ರಾಜ ಬದಲಾದ, ಪಟವಾರಿ ಕೆಲಸ ಬದಲಾಗಲಿಲ್ಲ.

ರಾಜ್ಯದ ಬಿರುಕುಗಳು ಮೂರು ಕಡೆಯಿಂದ ಬಂದವು. ವ್ಯಾಂಡಲರು ಏರಿಯನ್ ಪಂಥದ ಕ್ರೈಸ್ತರು, ಅಂದರೆ ಯೇಸು ತಂದೆಯಾದ ದೇವರಿಗೆ ಸಮನಲ್ಲ ಎನ್ನುವವರು. ಪ್ರಜೆಗಳು ಸಮ ಎನ್ನುವ ನೈಸೀಯ ಪಂಥದವರು. 484ರಲ್ಲಿ ಹುನೆರಿಕ್, ರೋಮನ್ ಚಕ್ರವರ್ತಿಗಳು ಪಾಷಂಡಿಗಳ ಮೇಲೆ ಹೇರಿದ್ದ ಕಾನೂನನ್ನೇ ತಿರುಗಿಸಿ ಪ್ರಜೆಗಳ ಮೇಲೆ ಹೇರಿದ. ಎರಡನೆಯದು ಒಳನಾಡಿನ ಮೂರರು. ಲೂಟಿಯ ಪಾಲು ನಿಂತ ಮೇಲೆ ಅವರಿಗೆ ವ್ಯಾಂಡಲರ ಹಂಗಿಲ್ಲ. ಈಗಿನ ಲಿಬಿಯಾದ ಕಡೆಯ ಟ್ರಿಪೊಲಿಟಾನಿಯಾದ ಕಬಾವೋನ್ ಎಂಬ ನಾಯಕ ತನ್ನ ಬಿಡಾರದ ಸುತ್ತ ಒಂಟೆಗಳನ್ನು ಹನ್ನೆರಡು ಸಾಲಿನ ದಪ್ಪಕ್ಕೆ ನಿಲ್ಲಿಸಿ, ಅವುಗಳ ಕಾಲಿನ ಸಂದಿಯಲ್ಲಿ ಜನರನ್ನು ಗುರಾಣಿ ಹಿಡಿಸಿ ಕೂರಿಸಿದ. ಒಂಟೆಯ ನೋಟಕ್ಕೇ ಬೆದರಿ ವ್ಯಾಂಡಲರ ಕುದುರೆಗಳು ಹತ್ತಿರ ಹೋಗಲಿಲ್ಲ. ಬಿಲ್ಲು, ಎಸೆಯುವ ಭರ್ಜಿ ಎರಡರಲ್ಲೂ ಇವರು ಪಳಗಿರಲಿಲ್ಲ, ಇಳಿದು ಕಾದುವುದೂ ಗೊತ್ತಿಲ್ಲ. ರಾಜ ಥ್ರಾಸಮುಂಡ್‌ನ ಆ ಸೈನ್ಯದಲ್ಲಿ ಬಹುಪಾಲು ಅಲ್ಲೇ ಹಾಳಾಯಿತು.

ಮೂರನೆಯದು ಪಟ್ಟದ ಕ್ರಮ. ಗೈಸರಿಕ್‌ನ ಗಂಡು ಸಂತಾನದಲ್ಲಿ ವಯಸ್ಸಿಗೆ ಹಿರಿಯನಾದವನೇ ರಾಜ ಎಂಬ ಕಟ್ಟಳೆಯಿಂದ ಬಾಲರಾಜರ ಕಾಟ ತಪ್ಪಿತು, ಆದರೆ ಮುದುಕರು ಪಟ್ಟಕ್ಕೆ ಬಂದರು. 523ರಲ್ಲಿ ಬಂದ ಹಿಲ್ಡೆರಿಕ್ ಅಂಥವನು. ರೋಮಿನಿಂದ ಹೊತ್ತು ತಂದ ಯುಡೋಸಿಯಾಳ ಮಗ, ಯುದ್ಧದ ಮಾತೇ ಕಿವಿಗೆ ಬೀಳಬಾರದು ಎನ್ನುವವನು. ಮೂರರ ಕೈಯಲ್ಲಿ ಸೈನ್ಯ ಸೋತ ಮೇಲೆ, 530ರಲ್ಲಿ ಗೆನ್ಜೋನ್‌ನ ಮೊಮ್ಮಗ ಗೆಲಿಮರ್ ಅವನನ್ನು ಸೆರೆಗೆ ಹಾಕಿ ತಾನು ರಾಜನಾದ. ಹಿಲ್ಡೆರಿಕ್ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಜಸ್ಟಿನಿಯನ್‌ಗೆ ಹಳೆಯ ಗೆಳೆಯ. ನೆಪ ಸಿಕ್ಕಿತು.

533ರ ಜೂನ್‌ನಲ್ಲಿ ಅವನ ಸೇನಾಪತಿ ಬೆಲಿಸಾರಿಯಸ್ ಹೊರಟ. 500 ಸಾಗಾಟದ ಹಡಗು, 30,000 ಖಲಾಸಿಗಳು, 92 ಯುದ್ಧನೌಕೆ, 10,000 ಕಾಲಾಳು, 5,000 ಸವಾರರು. ಈ ದಂಡಿನ ಜೊತೆಗೇ ಇದ್ದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟದ್ದರಿಂದ ಸಣ್ಣಪುಟ್ಟ ಸಂಗತಿಯೂ ನಮಗೆ ಗೊತ್ತು. ಹಡಗುಗಳು ಚದುರಬಾರದೆಂದು ಮುಂದಿನ ಮೂರು ಹಡಗಿನ ಹಾಯಿಗಳ ಮೂಲೆಯಿಂದ ಮೂರನೇ ಒಂದು ಭಾಗಕ್ಕೆ ಕೆಂಪು ಬಳಿದು, ರಾತ್ರಿಗೆ ದೀಪ ತೂಗುಹಾಕಿದರು. ರೊಟ್ಟಿಯಲ್ಲಿ ಮಾತ್ರ ಎಡವಟ್ಟಾಯಿತು. ಹಡಗಿಗೆ ಒಯ್ಯುವ ರೊಟ್ಟಿಯನ್ನು ರಸ್ಕಿನ ಹಾಗೆ ಎರಡು ಸಲ ಬೇಯಿಸಬೇಕು. ಆಗ ತೂಕ ಕಾಲು ಭಾಗ ಇಳಿಯುತ್ತದೆ. ಹಣಕಾಸು ನೋಡುತ್ತಿದ್ದ ಕಪಡೋಸಿಯಾದ ಜಾನ್ ಸೌದೆ, ಕೂಲಿ, ತೂಕ ಮೂರನ್ನೂ ಉಳಿಸಲು ಸಾರ್ವಜನಿಕ ಸ್ನಾನಗೃಹದ ಒಲೆಯ ಮೇಲೆ ಹಸಿ ಹಿಟ್ಟನ್ನು ಅರೆಬರೆ ಬೇಯಿಸಿ ಚೀಲಕ್ಕೆ ತುಂಬಿಸಿದ್ದ. ಗ್ರೀಸಿನ ಮೆಥೋನಿ ತಲುಪುವಷ್ಟರಲ್ಲಿ ಅದು ಪುಡಿಯಾಗಿ ಬೂಸ್ಟು ಹಿಡಿದು ನಾರುತ್ತಿತ್ತು. ಬೇಸಿಗೆಯ ಸೆಖೆಯಲ್ಲಿ ಅದನ್ನು ತಿಂದು 500 ಸೈನಿಕರು ಸತ್ತರು. ಮುಂದೆ ನೀರೂ ಕೆಟ್ಟಿತು. ಬೆಲಿಸಾರಿಯಸ್‌ನ ಹೆಂಡತಿ ಆಂಟೊನಿನಾ ಗಾಜಿನ ಜಾಡಿಗಳಲ್ಲಿ ತುಂಬಿ ಹಡಗಿನ ತಳದ ಕತ್ತಲೆ ಕೋಣೆಯಲ್ಲಿ ಮರಳಿನಲ್ಲಿ ಹೂತಿಟ್ಟಿದ್ದ ನೀರು ಮಾತ್ರ ಉಳಿಯಿತು.

ಈ ಸುಸ್ತಾದ ಪಡೆಯನ್ನು ಕಡಲಲ್ಲೇ ಮುಗಿಸಬಹುದಿತ್ತು. ಹಡಗಿನಿಂದ ಕಾದಲಾರೆವು, ಶತ್ರುವಿನ ಹಡಗು ಕಂಡರೆ ಓಡಿಹೋಗುತ್ತೇವೆ ಎಂದು ಸೈನಿಕರು ಬಾಯಿಬಿಟ್ಟೇ ಹೇಳುತ್ತಿದ್ದರು. ಆದರೆ ಆ ಹಡಗುಗಳು ಇರಲಿಲ್ಲ. ಸಾರ್ಡಿನಿಯಾದಲ್ಲಿ ಗೋಡಾಸ್ ಎಂಬ ಅಧಿಕಾರಿ ದಂಗೆಯೆದ್ದಿದ್ದ. ಅವನನ್ನು ಅಡಗಿಸಲು ಗೆಲಿಮರ್ ತನ್ನ ತಮ್ಮ ಟ್ಸಾಜೋನ್‌ನ ಕೈಗೆ 120 ಒಳ್ಳೆಯ ಹಡಗು, 5,000 ಆಯ್ದ ಜನ ಕೊಟ್ಟು ಕಳಿಸಿಬಿಟ್ಟಿದ್ದ. ಕಾರ್ಥೇಜಿನಿಂದ ಆಗಷ್ಟೇ ಸಿರಾಕ್ಯೂಸ್‌ಗೆ ಬಂದಿದ್ದ ವರ್ತಕನ ಆಳೊಬ್ಬನಿಂದ ಪ್ರೊಕೋಪಿಯಸ್‌ಗೆ ಈ ಸುದ್ದಿ ಸಿಕ್ಕಿತು. ಬೆಲಿಸಾರಿಯಸ್ ಕೂಡಲೇ ಹಾಯಿ ಬಿಚ್ಚಿಸಿದ. ಈಗಿನ ಟ್ಯುನೀಶಿಯಾದ ಪೂರ್ವ ದಡದಲ್ಲಿ ಇಳಿದು ದಿನಕ್ಕೆ 14–15 ಕಿಲೋಮೀಟರಿನಂತೆ ಉತ್ತರಕ್ಕೆ ನಡೆದ. ದಾರಿಯಲ್ಲಿ ಒಂದು ಊರೂ ಬಾಗಿಲು ಮುಚ್ಚಲಿಲ್ಲ. ದಂಗೆಯೇಳುವ ಊರಿಗೆ ಗೋಡೆಯ ಆಸರೆ ಇರಬಾರದೆಂದು ಗೈಸರಿಕ್ ಹಿಂದೆಯೇ ಕಾರ್ಥೇಜ್ ಒಂದನ್ನು ಬಿಟ್ಟು ಎಲ್ಲ ಊರಿನ ಕೋಟೆ ಕೆಡವಿಸಿದ್ದ. ಕಾರ್ಥೇಜಿನ ಗೋಡೆಯೂ ದುರಸ್ತಿಯಿಲ್ಲದೆ ಕುಸಿದಿತ್ತು.

ಸೆಪ್ಟೆಂಬರ್ 13ರಂದು, ನಗರದಿಂದ ಹತ್ತನೇ ಮೈಲಿಗಲ್ಲಿನ ಬಳಿ ಗೆಲಿಮರ್ ಮೂರು ಕಡೆಯಿಂದ ಏಕಕಾಲಕ್ಕೆ ಮುತ್ತುವ ಯೋಜನೆ ಹಾಕಿದ. ಕಾಗದದ ಮೇಲೆ ಚೆನ್ನಾಗಿದೆ. ಗಡಿಯಾರವಿಲ್ಲದ ಕಾಲದಲ್ಲಿ ಮೂರು ದಾರಿಯ ದಂಡು ಒಂದೇ ಹೊತ್ತಿಗೆ ಬರಬೇಕೆಂದರೆ ಅದೃಷ್ಟ ಬೇಕು. ತಮ್ಮ ಅಮ್ಮಾಟಾಸ್ ನಡುಹಗಲಿಗೇ, ಕೆಲವೇ ಜನರೊಂದಿಗೆ ಬಂದು ಸತ್ತ. ಇನ್ನೊಂದು ದಾರಿಯಿಂದ ಬಂದ ಗಿಬಾಮುಂಡ್‌ನ 2,000 ಜನರನ್ನು ರೋಮನ್ ದಂಡಿನಲ್ಲಿದ್ದ 600 ಹೂಣರು ತರಿದರು. ಕೊನೆಗೆ ಬಂದ ಗೆಲಿಮರ್ ಎದುರಿದ್ದ ಸವಾರರನ್ನು ಓಡಿಸಿ ಗೆಲುವಿನ ಅಂಚಿಗೆ ಬಂದ. ಅಲ್ಲಿ ತಮ್ಮನ ಹೆಣ ಕಂಡು ಗೋಳಾಡುತ್ತ, ಮಣ್ಣು ಮಾಡುವ ಏರ್ಪಾಟಿಗೆ ನಿಂತ. ಅಷ್ಟರಲ್ಲಿ ಬೆಲಿಸಾರಿಯಸ್ ಚದುರಿದವರನ್ನು ಕೂಡಿಸಿ ಮೇಲೆ ಬಿದ್ದ. ಸೆಪ್ಟೆಂಬರ್ 15ರಂದು ಅವನು ಕಾರ್ಥೇಜಿನ ಅರಮನೆಯಲ್ಲಿ, ಗೆಲಿಮರ್‌ಗೆಂದು ಹಿಂದಿನ ದಿನ ಮಾಡಿದ್ದ ಅಡುಗೆಯನ್ನು ಉಂಡ. ಡಿಸೆಂಬರಿನಲ್ಲಿ, ಸಾರ್ಡಿನಿಯಾದಿಂದ ಮರಳಿದ ಟ್ಸಾಜೋನ್ ಟ್ರಿಕಮಾರಮ್ ಎಂಬಲ್ಲಿ ಸತ್ತ. ಬೆಟ್ಟ ಹತ್ತಿ ಮೂರು ತಿಂಗಳು ಹಸಿದಿದ್ದ ಗೆಲಿಮರ್ 534ರ ಮಾರ್ಚಿಯಲ್ಲಿ ಶರಣಾದ. ಏಷ್ಯಾ ಮೈನರಿನ ಗಲೇಶಿಯಾದಲ್ಲಿ ಅವನಿಗೆ ಜಹಗೀರು ಕೊಟ್ಟರು.

ಸೆರೆಸಿಕ್ಕ ವ್ಯಾಂಡಲ ಗಂಡಸರಿಂದ ಐದು ಸವಾರ ಪಡೆ ಕಟ್ಟಿ ಪರ್ಷಿಯಾದ ಗಡಿಗೆ ಕಳಿಸಿದರು. ಸುಮಾರು 400 ಜನ ಲೆಸ್ಬೋಸ್ ದ್ವೀಪದ ಬಳಿ ಹಡಗು ನಡೆಸುವವರನ್ನು ಹೆದರಿಸಿ ಆಫ್ರಿಕಾಕ್ಕೆ ಮರಳಿದರು. ಹೆಂಗಸರು ಕಾರ್ಥೇಜಿನಲ್ಲೇ ಉಳಿದು ರೋಮನ್ ಸೈನಿಕರನ್ನು ಮದುವೆಯಾಗಿದ್ದರು. ನಮ್ಮ ಗಂಡಂದಿರ ಕಾಲದಲ್ಲಿ ನಮ್ಮದಾಗಿದ್ದ ಜಮೀನು ಈಗ ಖಜಾನೆಗೆ ಹೋಗುವುದು ಯಾವ ನ್ಯಾಯ ಎಂದು ಅವರು ಹೊಸ ಗಂಡಂದಿರನ್ನು ಕೆಣಕಿದರು. 536ರಲ್ಲಿ ಎದ್ದ ಸೈನಿಕ ದಂಗೆಗೆ ಈ ಜಮೀನೂ ಒಂದು ಕಾರಣ. 539ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಆಫ್ರಿಕಾದ ರೋಮನ್ ಅಧಿಪತಿ ಸೊಲೊಮನ್ ಉಳಿದ ವ್ಯಾಂಡಲರನ್ನು, ಮುಖ್ಯವಾಗಿ ಹೆಂಗಸರನ್ನು, ಹಡಗು ಹತ್ತಿಸಿ ಆಫ್ರಿಕಾದಿಂದ ಹೊರಗಟ್ಟಿದ.